ತೆರೆದ ನ್ಯಾಯಾಲಯ, ತಿಳಿಯದ ಸಮಾಜ

ದತ್ತಿ ಆಸ್ತಿಯ ವಿವಾದ ಎದ್ದಾಗಲೆಲ್ಲ ನಮ್ಮ ಹಿರಿಯರು ಆಡುವ ಮೊದಲ ಮಾತು, 'ಮನೆಯ ಮಾತು ಬೀದಿಗೆ ಬರಬಾರದು' ಎಂಬುದು. ಲೆಕ್ಕಪರಿಶೋಧಕನಾದ ನಾನು ಇದನ್ನು ಒಪ್ಪಲಾರೆ. ದತ್ತಿಯು ಯಾರೊಬ್ಬರ ಮನೆಯೂ ಅಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರಲ್ಲಿ ಸೇರಿದ 153-ಬಿ ಕಲಮಿನಂತೆ ಸಿವಿಲ್ ನ್ಯಾಯಾಲಯವು ಸಾರ್ವಜನಿಕರಿಗೆ ತೆರೆದ ಸ್ಥಳ. ಬಾಗಿಲು ಮುಚ್ಚಲು ನ್ಯಾಯಾಧೀಶರ ಆದೇಶ ಬೇಕು. ಬಹಿರಂಗ ವಿಚಾರಣೆಯೇ ನಿಯಮ, ನ್ಯಾಯದ ಹಿತಕ್ಕಾಗಿ ಮಾತ್ರ ಗೋಪ್ಯತೆ ಎಂಬುದು 1966ರ ಮಿರಜ್‌ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳೆದ ನಿಲುವು. ಕೌಟುಂಬಿಕ ನ್ಯಾಯಾಲಯದಲ್ಲಿ ದಂಪತಿಗಳಲ್ಲಿ ಒಬ್ಬರು ಕೋರಿದರೂ ಮುಚ್ಚಿದ ಕೋಣೆಯಲ್ಲಿ ವಿಚಾರಣೆ ನಡೆಯಬೇಕು. ಅದು ಉಚಿತವೇ ಸರಿ. ಆದರೆ ವ್ಯಕ್ತಿಯ ಮಾನಕ್ಕೆ ಸಲ್ಲುವ ತೆರೆಯು ದತ್ತಿಯ ಜಮೀನಿಗೆ ಸಲ್ಲದು.

ನಾನಿರುವ ವಾಕಡದಿಂದ ಬಹು ದೂರವಿಲ್ಲದ ಮಾಡೆಲ್ ಕಾಲನಿಯ ಜೈನ ಬೋರ್ಡಿಂಗ್ ಪ್ರಕರಣವನ್ನೇ ನೋಡಿರಿ. ಮಹಾರಾಷ್ಟ್ರದಲ್ಲಿ ದತ್ತಿಯ ಸ್ಥಿರಾಸ್ತಿ ಮಾರಲು 1950ರ ಸಾರ್ವಜನಿಕ ನ್ಯಾಸ ಕಾಯ್ದೆಯ 36ನೆಯ ಕಲಮಿನಡಿ ಧರ್ಮಾದಾಯ ಆಯುಕ್ತರ ಪೂರ್ವಾನುಮತಿ ಬೇಕು. ಆ ಅನುಮತಿ ದೊರೆತಿತ್ತು, ಮಾರಾಟವೂ ನಡೆದಿತ್ತು. ನಮ್ಮಂಥ ಅನೇಕರಿಗೆ ಸಂಗತಿ ತಿಳಿದದ್ದು ಆಮೇಲೆ. ಸಮಾಜ ಬೀದಿಗಿಳಿಯಿತು. 2025ರ ಅಕ್ಟೋಬರ್ ಕೊನೆಗೆ ವ್ಯವಹಾರ ರದ್ದಾಯಿತು. ಮೊದಲೇ ತಿಳಿದಿದ್ದರೆ ಬೀದಿಯ ಘೋಷಣೆಗೆ ಬದಲು ಒಂದು ಆಕ್ಷೇಪಣಾ ಅರ್ಜಿ ಸಾಕಾಗುತ್ತಿತ್ತು. ಬೀದಿಗೆ ಬರಬಾರದೆಂದು ಬಚ್ಚಿಟ್ಟ ಮಾತು ಕೊನೆಗೆ ಬೀದಿಗೇ ಬರುತ್ತದೆ.

ಕರ್ನಾಟಕದ ನಮ್ಮ ಊರುಗಳ ದತ್ತಿಗಳ ವಿಷಯದಲ್ಲಿ ಸಂಹಿತೆಯ 92ನೆಯ ಕಲಮನ್ನು ನೆನೆಯಬೇಕು. ಸಾರ್ವಜನಿಕ ದತ್ತಿಯಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು, ಲೆಕ್ಕ ಕೊಡಿಸಿರೆಂದು ದಾವೆ ಹೂಡಬಹುದು. ಅಂಥ ದಾವೆಯಲ್ಲಿ ರಾಜಿಯಾಗುವುದಾದರೆ, 23ನೆಯ ಆದೇಶದ 3-ಬಿ ನಿಯಮದಂತೆ ನ್ಯಾಯಾಲಯದ ಅನುಮತಿ ಬೇಕು. ಅನುಮತಿಗೆ ಮುನ್ನ, ಹಿತಾಸಕ್ತಿಯುಳ್ಳವರೆಂದು ನ್ಯಾಯಾಲಯಕ್ಕೆ ತೋರುವವರಿಗೆ ನೋಟಿಸು ಹೋಗಬೇಕು. ನಾಲ್ವರು ಹಿರಿಯರು ಕೋಣೆಯಲ್ಲಿ ಕುಳಿತು ಬಗೆಹರಿಸಿದೊಡನೆ ವಿಷಯ ಮುಗಿಯದು.

ಆದರೆ ನ್ಯಾಯಾಲಯದ ಬಾಗಿಲು ತೆರೆದಿದ್ದರೂ, ಒಳಗೆ ನಮ್ಮ ಮೊಕದ್ದಮೆ ನಡೆದಿದೆಯೆಂಬುದೇ ಗೊತ್ತಿಲ್ಲದವನಿಗೆ ಏನು ಪ್ರಯೋಜನ? ಆದ್ದರಿಂದ ಪ್ರತಿಯೊಂದು ದತ್ತಿಯೂ ತನ್ನ ಮೊಕದ್ದಮೆಗಳ ಸಂಖ್ಯೆ, ಕೋರಿದ ಪರಿಹಾರ, ಮುಂದಿನ ತಾರೀಖು, ವಕೀಲರಿಗೆ ಕೊಟ್ಟ ಶುಲ್ಕ, ಇವಿಷ್ಟನ್ನು ಪರಿಶೋಧಿತ ಲೆಕ್ಕಪತ್ರದೊಡನೆ ಬಸದಿಯ ಫಲಕದಲ್ಲಿ ಪ್ರಕಟಿಸಲಿ.

ಊರಿನಿಂದ ದೂರವಿರುವ ನಾವೂ ಕೈಕಟ್ಟಿ ಕೂಡಬೇಕಾಗಿಲ್ಲ. ಮೊಕದ್ದಮೆಯ ಸಂಖ್ಯೆಯೊಂದಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಅದರ ಸ್ಥಿತಿಗತಿಯನ್ನು ಪುಣೆಯಿಂದಲೂ ನೋಡಬಹುದು. ಮುಂದಿನ ಸಲ ಊರಿನ ದತ್ತಿಗೆ ದೇಣಿಗೆ ಕಳುಹಿಸುವಾಗ ರಸೀದಿಯ ಜೊತೆಗೆ ಆ ಸಂಖ್ಯೆಯನ್ನೂ ಕೇಳಿರಿ. ಇದು ಅವಿಶ್ವಾಸವಲ್ಲ, ದಾನಿಯ ಕರ್ತವ್ಯ.