ಯಾಣದ ಬಂಡೆ ಯಾರ ಸಾಕ್ಷಿ?

‘ಹವಾಮಾನ ಹಿಂದೆಯೂ ಬದಲಾಗಿತ್ತು, ಈಗಲೂ ಬದಲಾಗ್ತಿದೆ. ಇದರಲ್ಲಿ ಮನುಷ್ಯನದ್ದು ಏನೂ ಇಲ್ಲ.’ ಈ ವಾರ ಕುಮಟಾದ ಸಭೆಯೊಂದರಲ್ಲಿ ಗಣ್ಯರೊಬ್ಬರು ಹೀಗೆಂದು ಚಪ್ಪಾಳೆ ಗಿಟ್ಟಿಸಿದರು. ಮೊದಲ ಮಾತು ಖರೆ. ಎರಡನೆಯದು ಸುಳ್ಳು. ನನಗೆ ಸಿಟ್ಟು ಬಂದದ್ದು ಖರೆಯನ್ನು ಸುಳ್ಳಿಗೆ ಜಾಮೀನು ನಿಲ್ಲಿಸಿದ್ದಕ್ಕೆ.

20,000 ವರ್ಷಗಳ ಹಿಂದೆ ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಮುರ್ಡೇಶ್ವರದ ಎದುರಿನ ನೇತ್ರಾಣಿ ಆಗ ದ್ವೀಪವಲ್ಲ, ನೆಲದ ಮೇಲಿನ ಗುಡ್ಡ. ಭೂಮಿಯ ಕಕ್ಷೆ ಮತ್ತು ಅಕ್ಷದ ಓಲಾಟ ಹಿಮಯುಗಗಳನ್ನು ತಂದು ಕರಗಿಸಿತೆಂದು ಸರ್ಬಿಯಾದ ಮಿಲಾಂಕೋವಿಚ್ ಲೆಕ್ಕ ಹಾಕಿದರು. ಆದರೆ ಆ ಓಲಾಟಕ್ಕೆ ಹತ್ತಾರು ಸಾವಿರ ವರ್ಷ ಬೇಕು.

ಅದಕ್ಕಿಂತ ಹಳೆಯ ಸಾಕ್ಷಿ ಯಾಣ. ಅಲ್ಲಿನ ಕರಿಬಂಡೆ ಸುಣ್ಣದ ಕಲ್ಲು. ಇಂಥ ಕಲ್ಲು ಆಗುವುದು ಹೀಗೆ: ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ಗ್ರಾನೈಟ್‌ನಂಥ ಸಿಲಿಕೇಟ್ ಬಂಡೆ ಸವೆಸುತ್ತದೆ. ಹೊಳೆ ಆ ಲವಣಗಳನ್ನು ಕಡಲಿಗೆ ಒಯ್ಯುತ್ತದೆ. ಕಡಲ ತಳದಲ್ಲಿ ಅವು ಸುಣ್ಣದ ಕಲ್ಲಾಗಿ ಕೂರುತ್ತವೆ. ಜ್ವಾಲಾಮುಖಿ ಉಗುಳಿದ ಇಂಗಾಲವನ್ನು ಹೀಗೆ ಕಲ್ಲಿನಲ್ಲಿ ಹೂತಿಟ್ಟೇ ಭೂಮಿ ಕೋಟ್ಯಂತರ ವರ್ಷ ತನ್ನ ಶಾಖವನ್ನು ಹದದಲ್ಲಿ ಇಟ್ಟುಕೊಂಡಿತು. ಹಳೆಯ ಕಾಲದ ಕಥೆ ಹೇಳುವವರು ಇದನ್ನೇಕೆ ಬಿಡುತ್ತಾರೆ? ಕಲ್ಲಿದ್ದಲು, ಎಣ್ಣೆಯಾಗಿ ಭೂಮಿ ಹೂತಿಟ್ಟ ಇಂಗಾಲವನ್ನು ನಾವು ಅಗೆದು ಸುಡುತ್ತಿದ್ದೇವೆ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ.

ಸೂರ್ಯನೇ ಕಾರಣವೆಂಬ ವಾದವೂ ನಿಲ್ಲದು. 1978ರಿಂದ ಉಪಗ್ರಹಗಳು ಅಳೆಯುತ್ತಿವೆ, ಈ ಬಿಸಿಗೆ ತಕ್ಕಂತೆ ಸೂರ್ಯನ ಶಾಖ ಏರಿಲ್ಲ. ಸೂರ್ಯನೇ ಕಾಯಿಸುತ್ತಿದ್ದರೆ ಮೇಲಿನ ವಾಯುಮಂಡಲವೂ ಕಾಯಬೇಕಿತ್ತು, ಅದು ತಣ್ಣಗಾಗುತ್ತಿದೆ.

ಈ ಬಿಸಿಗೆ ಏರುವ ಕಡಲು ನುಗ್ಗುವುದು ಗಜನಿಗೆ, ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆಗೆ. ಅಘನಾಶಿನಿ ಅಳಿವೆಯ ಮಾಣಿಕಟ್ಟಾದಲ್ಲಿ ಉಪ್ಪುನೀರಿಗೂ ನೆರೆಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಮಣ್ಣಿನ ಕಟ್ಟೆ ಗಟ್ಟಿಯಿದ್ದರೆ ಸಾಕು. ಒಡೆದ ಕಟ್ಟೆಗೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮಣ್ಣು ಮೆತ್ತುತ್ತಿದ್ದ ಹಿರಿಯರೊಬ್ಬರು ತಲೆಯೆತ್ತದೆ ನನಗೆ ಹೇಳಿದ್ದರು: ‘ತಮಾ, ಕಗ್ಗ ಉಪ್ಪು ತಡಿತದೆ. ಕಡಲನ್ನೇ ತಡಿತದಾ?’

ಹಿಮಯುಗ ಮುಗಿದಾಗ ಕಡಲು ಏರಿದ್ದು ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳಲ್ಲಿ. ಆಗ ದಡದಲ್ಲಿ ಇಂದಿನಂಥ ಊರಿರಲಿಲ್ಲ, ಬಂದರಿರಲಿಲ್ಲ, ಸಾಲದ ಕಂತೂ ಇರಲಿಲ್ಲ. ‘ಎಲ್ಲ ಪ್ರಕೃತಿಯದ್ದೇ’ ಎಂದುಬಿಟ್ಟರೆ ಕಟ್ಟೆಗೆ ದುಡ್ಡು ಕೇಳುವವರಿಗೆ ಉತ್ತರ ಕೊಡುವ ಕೆಲಸ ತಪ್ಪುತ್ತದೆ. ಗಣ್ಯರಿಗೆ ಬೇಕಾದದ್ದೂ ಅಷ್ಟೇ.