ತಪ್ಪುತ್ತರದ ಬೆಲೆ

ಬಿ.ಎಡ್. ತರಬೇತಿಯ ವಿದ್ಯಾರ್ಥಿಗಳು ಬೋಧನಾಭ್ಯಾಸಕ್ಕಾಗಿ ಪ್ರೌಢಶಾಲೆಗಳಿಗೆ ಬರುವುದುಂಟು. ಕೈಯಲ್ಲಿ ಪಾಠಯೋಜನೆ, ಹಿಂದಿನ ಬೆಂಚಿನಲ್ಲಿ ವೀಕ್ಷಕರು. ಅವರ ಅಳುಕು ಯಾರಿಗಾದರೂ ಅರ್ಥವಾಗುತ್ತದೆ. ಅಂತಹ ವೇಳೆಯಲ್ಲಿ ಅವರು ಸರಿಯುತ್ತರ ಹೇಳಬಲ್ಲ ನಾಲ್ವರನ್ನೇ ಮತ್ತೆ ಮತ್ತೆ ಕೇಳುವರು. ಪಾಠವು ನಿರ್ವಿಘ್ನವಾಗಿ ಸಾಗುತ್ತದೆ. ಉಳಿದವರ ಕಲಿಕೆ ನಿಂತಲ್ಲೇ ನಿಲ್ಲುತ್ತದೆ.

ಬೇಸಿಗೆ ಏಕೆ ಬರುತ್ತದೆಂದು ಕೇಳಿದರೆ, ಆಗ ಭೂಮಿಯು ಸೂರ್ಯನಿಗೆ ಹತ್ತಿರವಾಗುತ್ತದೆಂದು ಹಲವರು ಹೇಳುವರು. ಉತ್ತರ ತಪ್ಪು, ಆದರೂ ಅದರ ಹಿಂದೆ ಆಲೋಚನೆಯಿದೆ. ಒಲೆಯ ಬಳಿ ಸರಿದಷ್ಟೂ ಬಿಸಿ ಹೆಚ್ಚುವುದೆಂಬ ಅನುಭವವೇ ಹಾಗೆ ನುಡಿಸುತ್ತದೆ. ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪವಿರುವುದು ಜನವರಿಯ ಮೊದಲ ವಾರದಲ್ಲಿ, ನಮ್ಮ ಚಳಿಗಾಲದಲ್ಲಿ, ಎಂದು ತಿಳಿದಾಗ ಅದೇ ವಿದ್ಯಾರ್ಥಿಯು ನಿಜವಾದ ಕಾರಣವನ್ನು ಅರಸತೊಡಗುತ್ತಾನೆ. ಭೂಮಿಯ ಅಕ್ಷವು ಸುಮಾರು 23.5 ಡಿಗ್ರಿ ವಾಲಿರುವ ಸಂಗತಿ ಆಗ ಅವನ ಮನಸ್ಸಿನಲ್ಲಿ ನೆಲೆಯೂರುತ್ತದೆ. ತನ್ನ ಉತ್ತರವನ್ನು ನುಂಗಿಕೊಂಡು ಕುಳಿತವನಿಗೆ ಈ ಲಾಭವಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನೀಡಕೂಡದೆಂದು ವಿಧಿಸಿತು. ಬೆತ್ತವನ್ನು ಕಾನೂನು ತಡೆಯಬಲ್ಲದು. ಸಹಪಾಠಿಗಳ ನಗೆಯನ್ನು ತಡೆಯಲಾರದು. ಒಮ್ಮೆ ನಗೆಗೀಡಾದವನು ವರ್ಷವಿಡೀ ಬಾಯಿ ತೆರೆಯದಿರಬಹುದು.

ಆದುದರಿಂದ ಹೊಸ ಅಧ್ಯಾಪಕರು ಮೊದಲು ಕಲಿಯಬೇಕಾದುದು ತಪ್ಪುತ್ತರವನ್ನು ಆಲಿಸುವ ತಾಳ್ಮೆ. “ನಿನಗೆ ಹಾಗೇಕೆ ತೋರಿತು?” ಎಂಬ ಒಂದು ಮಾತು ಅಂಜುವ ನಾಲಗೆಯನ್ನು ಸಡಿಲಿಸೀತು. ಆದರೆ ಆ ತಾಳ್ಮೆ ಫಲಿಸುವುದು ಇಡೀ ತರಗತಿಯ ಕೈಯಲ್ಲಿದೆ. ವಿದ್ಯಾರ್ಥಿಗಳೇ, ನಿಮ್ಮ ಗೆಳೆಯನಾಗಲಿ ಗೆಳತಿಯಾಗಲಿ ಉತ್ತರಿಸಲು ತಡವರಿಸಿದಾಗ ನಗದೆ ಕಾಯಿರಿ. ಅವರ ಸಂದೇಹವು ನಿಮ್ಮದೂ ಆಗಿರಬಹುದು.