ಶೋಕೇಸಲ್ಲಿಟ್ಟ ವೈನಿಗೆ ತಲೆ ಆಡಿಸ್ಬೇಡ್ರೀ

ಹದಿನೈದು ವರ್ಷದ ಫ್ರಾನ್ಸ್ ವೈನು ಅಂತ ಯಾರಾದ್ರೂ ಬಾಟ್ಲಿ ತೆಗೆದ್ರೆ ಸಾಕು, ನಮ್ಮ ಜಯನಗರದ ಗೆಳತಿಯರೆಲ್ಲ ಒಂದೊಂದು ಗುಟುಕು ಕುಡಿದು ‘ಸೂಪರ್’ ಅಂದುಬಿಡ್ತೀವಿ. ಯಾಕ್ರೀ? ನಿನ್ನೆಯ ಹುಳಿ ಕೆಟ್ಟಿದ್ಯಾ ಇಲ್ವಾ ಅಂತ ಮುಚ್ಚಳ ತೆಗೆದ ಕೂಡ್ಲೇ ಹೇಳೋ ಮೂಗು ನಮ್ದು. ವೈನ್ ಮುಂದೆ ಮಾತ್ರ ಅದಕ್ಕೆ ನೆಗಡಿಯಾ?

ಹಳೇದಾದಷ್ಟೂ ರುಚಿ ಅನ್ನೋದು ಎಲ್ಲ ವೈನಿಗೂ ಹೊಂದಲ್ಲ. ಒಳ್ಳೇ ಬೋರ್ಡೋ (ಅಡಿಕೆಗೆ ಹೊಡೆಯೋ ದ್ರಾವಣ ಹುಟ್ಟಿದ್ದೂ ಆ ಕಡೆ ದ್ರಾಕ್ಷಿತೋಟದಲ್ಲೇ), ಇಟಲಿಯ ಬರೋಲೋ ಥರದವು ದಶಕಗಟ್ಟಲೆ ಮಾಗ್ತವೆ. ಅದೂ 12-13 ಡಿಗ್ರಿ ತಂಪಲ್ಲಿ, ಕತ್ತಲಲ್ಲಿ, ಕಾರ್ಕ್ ಒಣಗದ ಹಾಗೆ ಅಡ್ಡ ಮಲಗಿಸಿಟ್ರೆ. ಮಿಕ್ಕಿದ್ದರಲ್ಲಿ ಹೆಚ್ಚಿನವು ಕೆಲವೇ ವರ್ಷದಲ್ಲಿ ಕುಡಿದು ಮುಗಿಸೋಂಥವು. ಟೀವಿ ಪಕ್ಕದ ಶೋಕೇಸಲ್ಲಿ, ನಮ್ಮ ಏಪ್ರಿಲ್ ಬಿಸಿಲಿನ 35 ಡಿಗ್ರಿಲಿ ನಿಂತಿದ್ದು ಮಾಗಲ್ಲ, ಬೆಂದುಹೋಗತ್ತೆ.

ತಳದಲ್ಲಿ ಗಸಿ ಕಂಡ್ರೆ ಹೆದರ್ಬೇಡಿ, ಹಳೇ ಕೆಂಪು ವೈನಿಗೆ ಅದು ಸಹಜ, ಮೆಲ್ಲಗೆ ಬಗ್ಗಿಸಿಕೊಂಡ್ರಾಯ್ತು. ಆದ್ರೆ ವಿನೆಗರ್ ಘಾಟು, ನೆಂದ ರಟ್ಟಿನ ವಾಸನೆ ಬಂದ್ರೆ ಬಾಯಿಬಿಟ್ಟು ಹೇಳಿ. ‘ಹೆಂಗಸ್ರಿಗೆ ಇದೆಲ್ಲ ತಿಳಿಯಲ್ಲ’ ಅನ್ನೋ ಭಾವಂದಿರೂ ಒಂದ್ಸಲ ಲೋಟ ಮೂಸಿ ನೋಡ್ಲಿ. ಶೇ. 150 ಆಮದು ಸುಂಕದ ಕಾಲದಲ್ಲಿ ತಂದಿದ್ದು ಅಂದ ಮಾತ್ರಕ್ಕೆ ಕೆಟ್ಟಿದ್ದು ಒಳ್ಳೇದಾಗಲ್ಲ. ಸಿಂಕಿಗೆ ಸುರೀರಿ, ನಂದಿಬೆಟ್ಟದ ಕಡೆಯ ಗ್ರೋವರ್ ಹೊಸ ಬಾಟ್ಲಿ ಒಂದು ತೆಗೀರಿ.